ಬರಿದಲೆ ನಾಯಕನ ಬೆಟ್ಟ

ಬರಿದಲೆ ನಾಯಕನ ಬೆಟ್ಟ ಹತ್ತುವವರಿಗೆ ಮೊದಲು ಎದುರಾಗುವುದು ಕಾರೆ, ಜಾಲಿ, ಕಳ್ಳಿಗಳ ಕುರುಚಲು. ಅದನ್ನು ದಾಟಿದರೆ ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಮತ್ತಿ, ದಿಂಡಿಗ, ಹೊನ್ನೆಯ ಕಾಡು. ನೆತ್ತಿಯಲ್ಲಿ ಬರೀ ಹುಲ್ಲು. ಅಲ್ಲಿನ ಮರಗಳೆಲ್ಲ ನೀರು ಜಿನುಗುವ ಕಣಿವೆಗಳಲ್ಲಿ ಒತ್ತೊತ್ತಾಗಿ, ವರ್ಷವಿಡೀ ಹಸಿರಾಗಿ ನಿಂತಿವೆ. ಕಣ್ಣಿದ್ದವರಿಗೆ ಇಷ್ಟು ಸಾಕು. ಸಿಂಗಪ್ಪ ನಾಯಕನಿಗೆ ಸಾಕಾಗಲಿಲ್ಲ.

ಹಿಂದೆ ಒಮ್ಮೆ ಬಯಲುಸೀಮೆಯ ಈ ಪಾಳೆಯಗಾರನ ಕೈಗೆ ಬೆಟ್ಟ ಬಂತಂತೆ. ಮರವಿಲ್ಲದ ನೆತ್ತಿಯನ್ನು ಕಂಡು ತನ್ನ ಮಾನವೇ ಹೋಯಿತೆಂದುಕೊಂಡ. ಅಲ್ಲಿ ಕಾಡು ಬೆಳೆಯುವವರೆಗೆ ಪೇಟ ಸುತ್ತುವುದಿಲ್ಲವೆಂದು ತುಂಬಿದ ಸಭೆಯಲ್ಲಿ ಆಣೆ ಇಟ್ಟ. ಹೊಗಳುಭಟರು ತಲೆದೂಗಿದರು. ನೆತ್ತಿಯ ಹುಲ್ಲನ್ನೇ ನಂಬಿ ದೊಡ್ಡಿ ಹಾಕಿಕೊಂಡಿದ್ದ ಮುದುಕಿ ಕೇತಮ್ಮನಿಗೆ, ಸಸಿಗಳು ಬೇರು ಹಿಡಿದ ಕೂಡಲೇ ದನ ಹೊಡೆದುಕೊಂಡು ಇಳಿಯಬೇಕೆಂದು ಅಪ್ಪಣೆಯಾಯಿತು. ಇಳಿದರೆ ದನಗಳಿಗೆ ಮೇವಿರಲಿಲ್ಲ, ಅವಳಿಗೆ ಬೇರೆ ಬದುಕಿರಲಿಲ್ಲ.

ಆದರೂ ಅವಳಿಗೆ ಹೆದರಿಕೆಗಿಂತ ಹೇಸಿಗೆಯೇ ಹೆಚ್ಚಾಯಿತು. ಒಂದು ಚಳಿಗಾಲವನ್ನೂ ಮೇಲೆ ಕಳೆಯದವನು ಬೆಟ್ಟಕ್ಕೆ ಬುದ್ಧಿ ಹೇಳಹೊರಟಿದ್ದನಲ್ಲ. ಅವನು ಊರಿನ ಹುಣಸೆ, ಬೇವಿನ ಸಸಿಗಳನ್ನು ಆಳುಗಳ ತಲೆಮೇಲೆ ಹೊರಿಸಿ ತಂದು ನೆಡಿಸಿದ. ಪುಷ್ಯಮಾಸದಲ್ಲಿ ಹೆಪ್ಪುಗಟ್ಟಿದ ಇಬ್ಬನಿ ಅವನ್ನು ಸುಟ್ಟು ಕರಿಕು ಮಾಡಿತು. ಮರುವರ್ಷ ಕಣಿವೆಯ ಮರಗಳ ನೆರಳಿನಿಂದಲೇ ಸಸಿ ಕೀಳಿಸಿದ. ನೆತ್ತಿಯ ಬಯಲಿಗೆ ಬಂದ ಅವೂ ಅದೇ ಇಬ್ಬನಿಗೆ ಸತ್ತವು. ಹುಲ್ಲು ಮಾತ್ರ ಬೇರಿನಿಂದ ಮತ್ತೆ ಚಿಗುರಿತು. ನಾಯಕ ಆಳುಗಳನ್ನು ಬೈದ, ಗುಂಡಿಗಳನ್ನು ಬೈದ, ಕಡೆಗೆ ಕೇತಮ್ಮನ ದನಗಳನ್ನೂ ಬೈದ.

ಮೂರನೆಯ ಸಲ ಸಸಿ ನೆಡಿಸಿ, ಆ ಚಳಿಗಾಲ ತಾನೇ ಕಾವಲು ಕೂರುತ್ತೇನೆಂದು ಬರಿದಲೆಯಲ್ಲೇ ಮೇಲೆ ಬಂದ. ಬೆಳಗಾಗುವಷ್ಟರಲ್ಲಿ ಸಸಿಗಳ ಜೊತೆಗೆ ಅವನೂ ಮರಗಟ್ಟಿ ಕುಳಿತಿದ್ದ. ಕೇತಮ್ಮ ತನ್ನ ಕಂಬಳಿಯನ್ನು ಅವನ ಮುಂದಿಟ್ಟಳು.

"ಕಾಡು ಎಲ್ಲಿ ನಿಲ್ಬೇಕೋ ಅಲ್ಲೇ ನಿಂತದೆ ಬುದ್ಧಿ. ಚಳಿ ಅದೆ, ತಲೆ ಮುಚ್ಕಳಿ," ಎಂದಳು.

ಆಣೆಯನ್ನೂ ಮಾನವನ್ನೂ ಮರೆತು ನಾಯಕ ದನಗಾಹಿಯ ಕಂಬಳಿಯನ್ನು ತಲೆಗೆ ಸುತ್ತಿಕೊಂಡ. ಹಾಗೆಯೇ ಇಳಿದವನು ಮತ್ತೆ ಬೆಟ್ಟ ಹತ್ತಲಿಲ್ಲ ಎನ್ನುತ್ತಾರೆ. ಪೇಟ ತೊರೆದವನ ಹೆಸರೇ ಬೆಟ್ಟಕ್ಕೆ ಅಂಟಿತು. ದನಗಳು ಮೇಲೆಯೇ ಉಳಿದವು.

ಇಂದು ಹೋದವರಿಗೂ ಹುಲ್ಲಿನ ನಡುವೆ ಹಳೆಯ ಗುಂಡಿಗಳ ಸಾಲು ಕಾಣುತ್ತದೆ. ಪಕ್ಕದಲ್ಲಿ ಹೊಸ ಗುಂಡಿಗಳೂ ಇವೆ. ವರ್ಷಕ್ಕೊಮ್ಮೆ ಯಾರೋ ದೊಡ್ಡವರು ಬಂದು ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಹೆಸರಿನ ಫಲಕ ನಿಲ್ಲಿಸಿ ಹೋಗುತ್ತಾರೆ. ಮೈ ತಿಕ್ಕಿಕೊಳ್ಳಲು ದನಗಳಿಗೆ ಆ ಫಲಕಗಳು ಅನುಕೂಲವಾಗಿವೆ.