ಚಲುವ ಸೈಕಲ್ ಹೊತ್ತಿದ್ದು

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಹಳೇಕೆರೆ ಸರ್ಕಲ್ಲಿನ ಪಕ್ಕ ಮೊಸರು ಮಾರುವ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಚಲುವ. ಹೆಸರಿಗೆ ತಕ್ಕ ಚಲುವನೇ, ಬುದ್ಧಿಯನ್ನು ಮಾತ್ರ ಹುಟ್ಟುವಾಗ ಮರೆತು ಬಂದಿದ್ದ. ಅವನಪ್ಪ ಅದೇ ಸರ್ಕಲ್ಲಿನಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದ. ಸೈಕಲ್‌ನವನು ಅಡ್ಡ ಬಂದ ಅಂದ ಲಾರಿಯವನು. ನಡೆಯುವವನು ನೋಡಲಿಲ್ಲ ಅಂದ ಸೈಕಲ್‌ನವನು. ಸತ್ತವನು ಏನೂ ಅನ್ನಲಿಲ್ಲ, ತಪ್ಪು ಅವನದೇ ಆಯಿತು. ಇರುವ ಒಬ್ಬ ಮಗನಾದರೂ ಉಳಿಯಲಿ ಅಂತ ಸಾಕಮ್ಮ ದಿನಾ ಅವನಿಗೆ ಬುದ್ಧಿ ಹೇಳುವಳು.

ಒಂದು ದಿನ ಎದುರಿನ ಹೋಟೆಲಿಗೆ ಒಯ್ಯಲು ಮೊಸರಿನ ಗಡಿಗೆ ಕೊಟ್ಟು, "ಎರಡೂ ಕಡೆ ನೋಡಿ ದಾಟು ಕಣ್ಲಾ ಮಗ" ಅಂದಳು. ಚಲುವ ಈ ಕಡೆ ನೋಡಿದ. ಆ ಕಡೆಯೂ ನೋಡಬೇಕಲ್ಲ, ಆ ಕಡೆಗೇ ಹೋಗಿ ನೋಡಿದ. ಎರಡೂ ಕಡೆ ನೋಡಾಯಿತು, ಇನ್ನು ದಾಟಬಹುದು ಅಂತ ವಾಪಸು ಬಂದು ದಾಟಿದ. ಮೂರನೇ ಸಲ ಒಂದು ಕಾರು ಗಕ್ಕನೆ ನಿಂತಿತು, ಗಡಿಗೆ ನಿಲ್ಲಲಿಲ್ಲ.

ಸಾಕಮ್ಮ ಹಣೆ ಚಚ್ಚಿಕೊಂಡಳು. ಗಾಡಿ ಬಂದರೆ ದಾರಿ ಬಿಡಬೇಕು ಅಂತ ಹೇಳಿ, ಮಾರನೇ ದಿನ ಪೇಟೆಯ ಹೋಟೆಲಿಗೆ ಸೈಕಲ್ ಮೇಲೆ ಕಳಿಸಿದಳು. ಹಿಂದೆ ಹಾರ್ನ್ ಕೇಳಿಸಿತು. ಚಲುವ ದಾರಿ ಬಿಟ್ಟ. ಪೂರ್ತಿ ಬಿಟ್ಟ. ಸೈಕಲ್ಲು, ಮೊಸರು, ಅವನು, ಮೂವರೂ ರಸ್ತೆ ಪಕ್ಕದ ಕೆರೆಯಲ್ಲಿ.

"ದಾರಿ ಬಿಡು ಅಂದ್ರೆ ಕೆರೆಗೆ ಬೀಳೋದೇನ್ಲಾ! ತಿರುಗೋ ಮುಂಚೆ ಹಿಂದಿನೋರ್ಗೆ ಕೈ ತೋರ್ಸು, ಸಾಕು."

ಮೂರನೇ ದಿನ ಹುಲ್ಲು ತರಲು ನೆರೆಮನೆಯ ಎತ್ತಿನ ಗಾಡಿ. ಸರ್ಕಲ್ಲಿನಲ್ಲಿ ತಿರುಗಬೇಕಿತ್ತು. ಚಲುವ ನಟ್ಟನಡುವೆ ಗಾಡಿ ನಿಲ್ಲಿಸಿ ಇಳಿದು, ಹಿಂದಿದ್ದವರಿಗೆಲ್ಲ ಒಬ್ಬೊಬ್ಬರಿಗೇ ಅಂಗೈ ತೋರಿಸುತ್ತ ಹೋದ. ಸ್ಕೂಟರಿನವನೊಬ್ಬ ಕೈ ಹಿಡಿದು ನೋಡಿ, ಆಯುಸ್ಸು ಗಟ್ಟಿಯಾಗಿದೆ, ಬುದ್ಧಿರೇಖೆಯೇ ಇಲ್ಲ ಅಂದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಲಾರಿಯವನೊಬ್ಬ ಸೈಕಲ್‌ನವನನ್ನು ಬೈದ, ಸೈಕಲ್‌ನವನು ಲಾರಿಯವನನ್ನು ಬೈದ, ಇಬ್ಬರೂ ಸೇರಿ ನಡೆಯುವವರನ್ನು ಬೈದರು. ಅದೇ ಜಾಗ, ಅದೇ ಮಾತು. ಕೇಳಿಸಿಕೊಂಡ ಸಾಕಮ್ಮ ಮೊಸರು ಬಿಟ್ಟು ರಸ್ತೆಗಿಳಿದಳು.

"ಒಬ್ಬರ ಮೇಲೊಬ್ರು ಹಾಕ್ಬ್ಯಾಡಿ ಕಣ್ರಪ್ಪ. ಜವಾಬ್ದಾರಿ ಅಂದ್ರೆ ಅವರವರ ಪಾಲು ಅವರವರೇ ಹೊರಬೇಕು. ಅವತ್ತಿನೋರು ಹಂಗೆ ಹೊತ್ತಿದ್ರೆ ನನ್ನ ಗಂಡ ಬದುಕಿರೋನು."

ಎಲ್ಲರೂ ತಲೆದೂಗಿದರು. ಆಮೇಲೆ ಹಾರ್ನ್ ಹೊಡೆದುಕೊಂಡು ನುಗ್ಗಿ ಹೋದರು. ಆ ಮಾತು ಮನಸ್ಸಿಗೆ ಇಳಿದದ್ದು ಪೆದ್ದನೊಬ್ಬನಿಗೇ.

ಮಾರನೇ ಬೆಳಿಗ್ಗೆ ಸರ್ಕಲ್ಲಿನಲ್ಲಿ ಗದ್ದಲವೋ ಗದ್ದಲ. ಸಾಕಮ್ಮ ಎದ್ದೆನೋ ಬಿದ್ದೆನೋ ಅಂತ ಓಡಿಬಂದಳು. ಚಲುವ ಸೈಕಲ್ಲನ್ನು ತಲೆಯ ಮೇಲೆ ಹೊತ್ತು ನಟ್ಟನಡುವೆ ನಿಂತಿದ್ದ. ಅವನೆದುರಿಗೆ ಒಂದು ಲಾರಿ. ಅದರ ಡ್ರೈವರು ಕೆಳಗಿಳಿದು ಕೈಮುಗಿಯುತ್ತಿದ್ದ.

"ನೋಡವ್ವ," ಅಂದ ಚಲುವ, "ನನ್ನ ಪಾಲು ನಾನು ಹೊತ್ಕಂಡಿವ್ನಿ. ಈ ಅಣ್ಣನ್ನ ಆವಾಗಿಂದ ಕೇಳ್ತಾವ್ನಿ, ತನ್ನ ಲಾರಿ ಹೊರೋಕೇ ಒಪ್ತಿಲ್ಲ."