ನಾಲ್ಕು ನಿಮಿಷದ ದಾರಿ

ನದಿಯ ದಂಡೆಯಲ್ಲಿ ಒಂದು ವಿಶ್ವವಿದ್ಯಾಲಯ. ಅದರ ಹಿಂಬದಿಯ ಗೇಟು ದಾಟಿದರೆ ಚೆಲುವಯ್ಯ ಮೇಷ್ಟ್ರ ಮನೆ. ಮೂವತ್ತೈದು ವರ್ಷ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಲೂ ಅವರ ಜಗುಲಿಗೆ ಜನ ಬರುವುದು ನಿಂತಿರಲಿಲ್ಲ.

ಒಂದು ಬೆಳಗ್ಗೆ ಪಂಚಾಕ್ಷರಿ ಬಂದ. ಮೇಷ್ಟ್ರ ಹಳೆಯ ಶಿಷ್ಯ, ಈಗ ಅದೇ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದ ಮುಖ್ಯಸ್ಥ. ಕಾಲಿಗೆ ನಮಸ್ಕಾರ ಮಾಡಿ ಆಮಂತ್ರಣ ಪತ್ರಿಕೆ ಮುಂದಿಟ್ಟ.

"ಇಂಟರ್ನೆಟ್ಟಿನ ವೇಗದ ಲೈನು ಬಂತು ಮೇಷ್ಟ್ರೇ. ದೇಶದ ದೊಡ್ಡ ದೊಡ್ಡ ಸಂಶೋಧನಾಲಯಗಳನ್ನೆಲ್ಲ ಜೋಡಿಸಿರೋ ಜಾಲಕ್ಕೆ ಈಗ ನಾವೂ ಸೇರಿದ ಹಾಗೆ. ಶುಕ್ರವಾರ ಉದ್ಘಾಟನೆ."

ಏಳು ವರ್ಷ ಅವನು ರಾಜಧಾನಿಯ ಕಚೇರಿಗಳ ಮೆಟ್ಟಿಲು ಸವೆಸಿದ್ದ. 'ನಿಮ್ಮೂರಿಗೆ ಅಷ್ಟು ವೇಗ ಯಾಕ್ರೀ' ಅಂದವರ ಮುಂದೆ ಕೈಕಟ್ಟಿ ನಿಂತಿದ್ದ. ತಾಯಿಯ ತಿಥಿಯ ದಿನವೂ ಕಡತ ಹಿಡಿದುಕೊಂಡು ಓಡಿದ್ದ.

ಮೇಷ್ಟ್ರು ಪತ್ರಿಕೆ ಓದಿ ಮಡಿಸಿದರು. "ನಡಿ, ತೋರಿಸು."

ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಪಂಚಾಕ್ಷರಿ ಒಂದು ಪರದೆ ತೋರಿಸಿದ. ಲೈನಿನಲ್ಲಿ ಎಷ್ಟು ಮಾಹಿತಿ ಓಡಾಡುತ್ತಿದೆ ಎಂದು ತಿಳಿಸುವ ಗೆರೆ ಅದು. ತಳಕ್ಕೆ ಅಂಟಿಕೊಂಡು ಬಿದ್ದಿತ್ತು.

"ಇದ್ಯಾಕಪ್ಪ ಹೀಗೆ ಮಲಗಿದೆ?"

"ಬಂದು ಹದಿನೈದು ದಿನ ಅಷ್ಟೇ ಮೇಷ್ಟ್ರೇ. ಇನ್ನು ಮೇಲೆ ಎಲ್ಲರೂ ಬಳಸ್ತಾರೆ."

"ಎಲ್ಲರೂ ಬೇಡ. ಒಬ್ಬರ ಹೆಸರು ಹೇಳು."

ಪಂಚಾಕ್ಷರಿಯ ಬಾಯಿಗೆ ಒಂದೇ ಹೆಸರು ಬಂತು. ನುಂಗಿಕೊಂಡ.

"ಜೆಸಿಂತಾ ಎಲ್ಲಿ?" ಮೇಷ್ಟ್ರೇ ಕೇಳಿದರು.

ಜೆಸಿಂತಾ ಕೂಡ ಮೇಷ್ಟ್ರ ಕೈಯಲ್ಲಿ ಕಲಿತವಳು. ಸತ್ತ ನಕ್ಷತ್ರಗಳ ರೇಡಿಯೋ ಮಿಡಿತವನ್ನು ಅಳೆಯುವುದು ಅವಳ ಕೆಲಸ. ದೂರದ ಊರಿನ ದೂರದರ್ಶಕ ಒಂದು ರಾತ್ರಿಯಲ್ಲಿ ಹಿಡಿದದ್ದನ್ನು ಹಳೆಯ ಲೈನಿನಲ್ಲಿ ತರಿಸಿಕೊಳ್ಳಲು ನಲವತ್ತು ದಿನ ಬೇಕಿತ್ತು. ಹಾಗಾಗಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ, ಎಲ್ಲವನ್ನೂ ಡಿಸ್ಕಿಗೆ ತುಂಬಿಸಿಕೊಂಡು, ಹಸುಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದಳು. ಲೈನಿಗಾಗಿ ಪಂಚಾಕ್ಷರಿ ಬರೆದ ಅರ್ಜಿಯ ತುಂಬ ಇದ್ದದ್ದು ಅವಳ ಕೆಲಸವೇ. ಪರಿಶೀಲನೆಗೆ ಬಂದ ತಜ್ಞರು ತಲೆಯಾಡಿಸಿದ್ದೂ ಅವಳ ಮಾತು ಕೇಳಿದ ಮೇಲೆಯೇ.

"ಅವಳದು ತಾತ್ಕಾಲಿಕ ಹುದ್ದೆ ಮೇಷ್ಟ್ರೇ. ಮುಂದುವರಿಸಲಿಲ್ಲ."

"ಯಾರು?"

"ಸಮಿತಿ."

"ಸಮಿತೀಲಿ ಯಾರಿದ್ರು?"

ಯಂತ್ರಗಳು ಗುಂಯ್‌ಗುಡುತ್ತಿದ್ದವು. ಪಂಚಾಕ್ಷರಿ ಪರದೆಯ ಕಡೆಗೇ ನೋಡುತ್ತ ಹೇಳಿದ. "ನಾನಿದ್ದೆ."

ಮೇಷ್ಟ್ರು ಅವನ ಕಡೆ ತಿರುಗಿದರು.

"ಕೇಬಲ್ ಹೂಳೋಕೆ ನೆಲ ಅಗೀಬೇಕಿತ್ತು. ಆ ಅನುಮತಿಗೆ ಕುಲಪತಿಗಳು ಹತ್ತು ತಿಂಗಳು ಸಹಿ ಹಾಕಲಿಲ್ಲ. ಜೆಸಿಂತಾ ಜಾಗಕ್ಕೆ ಅವರಿಗೆ ಈ ಕೆಲಸ ಗೊತ್ತಿಲ್ಲದ ತಂಗಿ ಮಗಳನ್ನ ತರಬೇಕಿತ್ತು. ಒಂದು ಮಧ್ಯಾಹ್ನ ನನ್ನ ಕರೆಸಿದ್ರು. ಮೇಜಿನ ಮೇಲೆ ಎರಡು ಕಾಗದ ಇತ್ತು. ಒಂದಕ್ಕೆ ನಾನು ಹಾಕಿದೆ. ಇನ್ನೊಂದಕ್ಕೆ ಅವರು ಹಾಕಿದ್ರು."

ಅವನೇ ಮುಂದುವರಿಸಿದ. "ಲೈನೊಂದು ಬಂದುಬಿಟ್ರೆ ಅವಳಂಥೋರು ನೂರು ಜನ ಬರ್ತಾರೆ ಅಂದ್ಕೊಂಡೆ."

ಮೇಷ್ಟ್ರು ಆಮಂತ್ರಣ ಪತ್ರಿಕೆಯನ್ನು ಅವನ ಕೈಗೇ ಇಟ್ಟರು. "ಅವಳಿಗೆ ಕೊಟ್ಟು ಬಾ. ಅಂಚೇಲಿ ಬೇಡ, ನೀನೇ ಹೋಗು. ಬಸ್ಸಿನಲ್ಲೇ ಹೋಗು."

"ಹೋಗಿ ಏನು ಹೇಳ್ಲಿ?"

"ಏನೂ ಹೇಳಬೇಡ. ಅವಳು ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡು."

ಆರು ಗಂಟೆಯ ಪ್ರಯಾಣ. ಸಣ್ಣ ಊರಿನ ಶಾಲೆಯೊಂದರಲ್ಲಿ ಜೆಸಿಂತಾ ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತಿದ್ದಳು. ಅವನನ್ನು ಕಂಡು ವರಾಂಡಕ್ಕೆ ಬಂದಳು. ಬೆರಳಿಗೆಲ್ಲ ಸೀಮೆಸುಣ್ಣ. ಪತ್ರಿಕೆ ಓದಿದ್ದೇ ತಡ, ಅವಳ ಮುಖ ಅರಳಿತು.

ಬೈಗುಳಕ್ಕೆ ಪಂಚಾಕ್ಷರಿ ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಇದಕ್ಕೆ ಮಾಡಿಕೊಂಡಿರಲಿಲ್ಲ.

"ಬಂತಾ ಸರ್? ನಿಜವಾಗ್ಲೂ? ಒಂದು ರಾತ್ರಿಯ ಡೇಟಾ ಈಗ ಎಷ್ಟು ಹೊತ್ತಲ್ಲಿ ಬರುತ್ತೆ?"

"ನಾಲ್ಕು ನಿಮಿಷ."

"ನಾಲ್ಕು ನಿಮಿಷ..." ಅವಳು ನಕ್ಕಳು. ಆಮೇಲೆ ನಗು ತಾನಾಗಿಯೇ ನಿಂತಿತು. "ಈಗ ಅದನ್ನ ಯಾರು ನೋಡ್ತಿದಾರೆ ಸರ್?"

"ಯಾರೂ ಇಲ್ಲ."

ಅವಳು ಪತ್ರಿಕೆಯ ಅಂಚನ್ನು ಬೆರಳಿನಿಂದ ಸವರುತ್ತ ನಿಂತಳು.

"ಸಮಿತಿ ಪಟ್ಟೀಲಿ ನಿಮ್ಮ ಹೆಸರು ನೋಡಿ ನಾನು ನೆಮ್ಮದಿಯಾಗಿದ್ದೆ. ನೀವು ಹೇಳಿದ್ರೂ ಅವರು ಕೇಳ್ಲಿಲ್ವಾ ಸರ್?"

ಹೌದು ಅಂದುಬಿಡುವುದು ಎಷ್ಟು ಸುಲಭವಾಗಿತ್ತು! ಆ ಒಂದು ಮಾತನ್ನು ಅವಳೇ ಎತ್ತಿ ಅವನ ಕೈಗೆ ಕೊಟ್ಟಿದ್ದಳು.

"ನಾನು ಏನೂ ಹೇಳಲಿಲ್ಲಮ್ಮ. ಸಹಿ ಹಾಕಿದೆ."

ಗಂಟೆ ಹೊಡೆಯಿತು. ಜೆಸಿಂತಾ ಪತ್ರಿಕೆಯನ್ನು ವಾಪಸು ಕೊಟ್ಟಳು. ಅದರ ಮೇಲೆ ಅವಳ ಬೆರಳಿನ ಬಿಳಿ ಗುರುತು ಉಳಿದಿತ್ತು.

"ಇನ್ನೊಂದು ಕ್ಲಾಸಿದೆ ಸರ್" ಎಂದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಅವಳ ಪಾಠ ಹೊರಗೂ ಕೇಳುತ್ತಿತ್ತು. ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಅದನ್ನು ಕೇಳಿಸಿಕೊಂಡು ನಿಲ್ಲಲಾಗದೆ ಪಂಚಾಕ್ಷರಿ ಬೇಗ ಬೇಗ ಬಸ್ ನಿಲ್ದಾಣದ ಕಡೆ ನಡೆದ.

ಗುರುವಾರ ಸಂಜೆ ಮೇಷ್ಟ್ರು ನದಿಯ ಮೆಟ್ಟಿಲ ಮೇಲೆ ಕೂತಿದ್ದರು. ಪಂಚಾಕ್ಷರಿ ಎರಡು ಮೆಟ್ಟಿಲು ಕೆಳಗೆ ಕೂತು, ಏನನ್ನೂ ಮುಚ್ಚಿಡದೆ ಎಲ್ಲ ಒಪ್ಪಿಸಿದ. ಒಪ್ಪಿಸಿದ ಮೇಲೆ ಎದೆ ಹಗುರಾಯಿತು. ಆ ಹಗುರಕ್ಕೆ ಅವನಿಗೇ ನಾಚಿಕೆಯಾಯಿತು.

"ಉದ್ಘಾಟನೆ ನಿಲ್ಲಿಸಿಬಿಡ್ಲಾ ಮೇಷ್ಟ್ರೇ?"

"ಯಾಕೆ? ಲೈನು ಏನು ತಪ್ಪು ಮಾಡಿದೆ?"

ನೀರು ಕತ್ತಲಾಗುತ್ತ ಬಂತು. ಆಗ ಅವನಿಗೆ ನಾಳೆಯ ಕೆಲಸ ನೆನಪಾಯಿತು.

"ಹನ್ನೊಂದು ಗಂಟೆಗೆ ಕುಲಪತಿಗಳು ಬಂದು ಗುಂಡಿ ಒತ್ತುತ್ತಾರೆ. ಎಲ್ಲರ ಎದುರಿಗೆ, ಮೊದಲನೇದು ಅಂತ, ಇಲ್ಲಿಂದ ಏನಾದ್ರೂ ಕಳಿಸ್ಬೇಕು. ನೀವೇ ಹೇಳಿ ಮೇಷ್ಟ್ರೇ, ಏನು ಕಳಿಸ್ಲಿ?"

ಮೇಷ್ಟ್ರು ಮೊಣಕಾಲಿಗೆ ಕೈಕೊಟ್ಟು ಎದ್ದು ನಿಂತರು.

"ಕಳಿಸೋದನ್ನ ಆ ಸಹಿ ಹಾಕಿದ ದಿನವೇ ಕಳಿಸಿಬಿಟ್ಟಿದ್ದೀಯಲ್ಲಪ್ಪ."