ಹಿಂಡದ ಪಂಚೆ

ನದಿಯ ದಂಡೆಯ ಆಶ್ರಮದಲ್ಲಿ ಬಟ್ಟೆ ಒಗೆಯುವ ಕೆಲಸ ವಾರಿಜೆಯದು.

ಯಾರೂ ವಹಿಸಿದ್ದಲ್ಲ. ಪಾಠಕ್ಕೆಂದು ಬಂದವಳು, ಮಾತಾಡಲು ಸಂಕೋಚವಾಗಿ, ಮೊದಲ ದಿನವೇ ಗುರುಗಳ ಪಂಚೆ ಎತ್ತಿಕೊಂಡು ನದಿಗಿಳಿದಿದ್ದಳು.

ಅವಳು ಹಿಂಡಿದ ಬಟ್ಟೆಯಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.

"ನಿನ್ನ ಕೈಗೆ ಸಿಕ್ಕಿದ ಪಂಚೆಗೆ ಬಿಸಿಲೇ ಬೇಡ ಕಣೇ," ಎನ್ನುತ್ತಿದ್ದಳು ಅಡುಗೆಮನೆಯ ಪುಟ್ಟತಾಯಮ್ಮ.

ವಾರಿಜೆ ಇನ್ನೊಂದು ಸುತ್ತು ತಿರುಚುತ್ತಿದ್ದಳು.

ಒಂದು ಬೆಳಿಗ್ಗೆ ಒದ್ದೆ ಬಟ್ಟೆಯ ಹೊರೆ ಹೊತ್ತು ಮೆಟ್ಟಿಲು ಹತ್ತುವಾಗ ಜಾರಿದಳು. ಬಲಗೈ ಊರಿದಳು. ಮಣಿಕಟ್ಟು ಮುರಿಯಿತು.

ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಒಳಗೆ ಪ್ಲೇಟು ಕೂರಿಸಿ ಸ್ಕ್ರೂ ಹಾಕಿದರು. ಮೂಳೆ ಕೂಡಿತು. ಬೆರಳುಗಳು ಮಡಚಿದವು. ಮಣಿಕಟ್ಟು ಮಾತ್ರ ತಿರುಗಲಿಲ್ಲ.

"ತಿರುಗುತ್ತಮ್ಮ, ನಿಧಾನವಾಗಿ," ಎಂದರು ಡಾಕ್ಟರು.

ಎಷ್ಟು ನಿಧಾನ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

ಆಶ್ರಮಕ್ಕೆ ಮರಳಿದ ದಿನ ಪುಟ್ಟತಾಯಮ್ಮ ಅವಳ ತಲೆ ಸವರಿದಳು. "ಸುಮ್ಮನೆ ಕೂತ್ಕೋ ನೀನು. ಇಷ್ಟು ದಿನ ಗುರುಗಳೇ ಒಗೆದುಕೊಂಡರು. ಚೆನ್ನಾಗೇ ಹಿಂಡ್ತಾರೆ ಕಣೇ, ನಿನಗಿಂತ ಏನೂ ಕಡಿಮೆ ಇಲ್ಲ!"

ಸಮಾಧಾನಕ್ಕೆಂದೇ ಹೇಳಿದ ಮಾತು. ವಾರಿಜೆಗೆ ಅದು ಹಸಿ ಗಾಯಕ್ಕೆ ತಾಗಿತು.

ಮರುದಿನವೇ ಅವಳು ನದಿಗಿಳಿದಳು. ಒಗೆಯುವುದು ಎಡಗೈಯಲ್ಲಿ ಹೇಗೋ ಆಯಿತು. ಹಿಂಡುವುದು ಆಗಲಿಲ್ಲ.

"ಕೊಡೇ ಇಲ್ಲಿ," ಎಂದು ಪುಟ್ಟತಾಯಮ್ಮ ಕೈ ಚಾಚಿದಳು.

"ಬೇಡ ಅಕ್ಕ. ನಾನೇ ಮಾಡ್ತೀನಿ."

ಹಿಂಡದ ಪಂಚೆಗಳು ತಂತಿಯ ಮೇಲೆ ಜೋತುಬಿದ್ದು ತೊಟ್ಟಿಕ್ಕಿದವು. ಸಂಜೆಯಾದರೂ ಒಣಗಲಿಲ್ಲ.

ಗುರುಗಳು ಹಸಿ ಪಂಚೆಯನ್ನೇ ಉಟ್ಟು ಪಾಠಕ್ಕೆ ಕೂತರು. ನಡುನಡುವೆ ಸೀನಿದರು. ಪ್ರತಿ ಸೀನಿಗೂ ವಾರಿಜೆಯ ತಲೆ ಇನ್ನಷ್ಟು ಬಾಗಿತು.

ಕೊನೆಗೊಂದು ದಿನ ಅವಳು ತನ್ನ ಬಟ್ಟೆಬರೆಯ ಗಂಟು ಕಟ್ಟಿದಳು.

ಗುರುಗಳು ಬಟ್ಟೆಯ ತಂತಿಯ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ಅವರ ಬೋಳುತಲೆಯ ಮೇಲೆ ಟಪ್ ಎಂದು ಹನಿ ಬಿತ್ತು.

"ಮಳೆ ಬರೋ ಹಾಗಿದೆ," ಎಂದರು ಅವರು, ಬಿಸಿಲಿಗೆ ಕಣ್ಣು ಕಿರಿದು ಮಾಡಿ.

ವಾರಿಜೆ ನಗಲಿಲ್ಲ. ಗಂಟನ್ನು ಕೆಳಗಿಟ್ಟು ಕಾಲಿಗೆರಗಿದಳು. "ಊರಿಗೆ ಹೋಗ್ತೀನಿ ಗುರುಗಳೇ. ಅಪ್ಪಣೆ ಕೊಡಿ."

"ಮತ್ತೆ ಯಾವಾಗ?"

"ಇನ್ನು ಬರೋದಿಲ್ಲ."

"ಯಾಕಮ್ಮ?"

"ನನ್ನ ಕೈಲಾಗಲ್ಲ."

ಗುರುಗಳು ಅವಳ ಕೈಯನ್ನು ನೋಡಿದರು. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು.

"ಮುಂಚೆ ಆಗ್ತಿತ್ತು ಅಲ್ವಾ?"

ಅಷ್ಟು ಕೇಳಿದ್ದೇ ಸಾಕಾಯಿತು. ಎಂದೂ ಹೆಚ್ಚು ಮಾತಾಡದ ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಬೆಳಗಿನ ನೀರಿನ ತಂಪು. ಬಟ್ಟೆ ಹುರಿಯಾಗುವಾಗ ಅಂಗೈಗೆ ಸಿಗುತ್ತಿದ್ದ ಆ ಬಿಗಿ. ಕೊಡವಿದರೆ ಫಟ್ ಎನ್ನುತ್ತಿದ್ದ ಪಂಚೆ. ಆಚೆ ದಡದಿಂದ ಮರಳಿ ಬರುತ್ತಿದ್ದ ಅದರ ಸದ್ದು.

"ಆ ಕೈ ಇನ್ನು ಬರಲ್ಲ ಗುರುಗಳೇ."

"ಅದಕ್ಕೂ ಮುಂಚೆ?"

"ಅಂದ್ರೆ?"

"ಆ ಕೈ ಹಿಂಡೋದು ಕಲಿಯೋಕೂ ಮುಂಚೆ."

ವಾರಿಜೆ ತನ್ನ ಅಂಗೈ ನೋಡಿಕೊಂಡಳು. ಹನಿಗಳು ಬೀಳುತ್ತಲೇ ಇದ್ದವು.

"ಹಿತ್ತಲಲ್ಲಿ ಒಗೆಯೋ ಕಲ್ಲಿತ್ತು," ಎಂದಳು ಮೆಲ್ಲಗೆ. "ಅಮ್ಮ ದುಪ್ಪಟಿ ಒಗೆದು ನನ್ನನ್ನ ಕರೀತಿದ್ರು. ಒಂದು ತುದಿ ನನ್ನ ಕೈಗೆ ಕೊಡ್ತಿದ್ರು. ಇನ್ನೊಂದು ತುದಿ ಹಿಡಿದು ಅವರು ತಿರುಚ್ತಿದ್ರು. ದುಪ್ಪಟಿ ಹಾವಿನ ಥರ ಸುತ್ತಿಕೊಂಡು ನನ್ನ ಕಡೆಗೇ ಬರ್ತಿತ್ತು. ನೀರೆಲ್ಲ ನನ್ನ ಕಾಲ ಮೇಲೆ. ನನಗೆ ನಗು ತಡೆಯೋಕಾಗ್ತಿರಲಿಲ್ಲ. ಅಮ್ಮ ಬೈತಿದ್ರು, ಬಿಡಬೇಡ ಕಣೇ, ಬಿಡಬೇಡ, ಮಣ್ಣಿಗೆ ಬೀಳುತ್ತೆ ಅಂತ."

"ನೀನೇನು ಮಾಡ್ತಿದ್ದೆ?"

"ಏನಿಲ್ಲ. ಸುಮ್ಮನೆ ಹಿಡ್ಕೊಂಡಿರ್ತಿದ್ದೆ."

"ನಿಮ್ಮಮ್ಮನಿಗೆ ಒಬ್ಬಳೇ ಹಿಂಡೋಕೆ ಬರ್ತಿರಲಿಲ್ವಾ?"

"ಬರ್ತಿತ್ತು. ನಾನು ಸ್ಕೂಲಿಗೆ ಹೋದಾಗ ಒಬ್ಬರೇ ಹಿಂಡ್ತಿದ್ರು." ಅವಳು ತಲೆಯೆತ್ತಿದಳು. "ಆದರೂ ನಾನು ಮನೇಲಿದ್ದರೆ ಪ್ರತಿ ಸಲ ಕರೀತಿದ್ರು."

ಗುರುಗಳು ಎದ್ದರು. ತಂತಿಯಿಂದ ಪಂಚೆಯನ್ನು ಎಳೆದುಕೊಂಡರು. ಅದರ ಒಂದು ತುದಿಯನ್ನು ಅವಳ ಮುಂದೆ ಹಿಡಿದರು.

"ಬೇಡಿ ಗುರುಗಳೇ. ನೀವು ನನ್ನ ಜೊತೆ..."

ಗುರುಗಳು ಹಿಡಿದೇ ನಿಂತಿದ್ದರು.

ವಾರಿಜೆ ತುದಿಯನ್ನು ತೆಗೆದುಕೊಂಡಳು. ಎಡಗೈಯಲ್ಲಿ ಹಿಡಿದಳು. ಅದರ ಮೇಲೆ ಬಲಗೈ ಇಟ್ಟು ಬೆರಳು ಮಡಚಿದಳು. ನೋವಾಯಿತು, ಆದರೆ ಬೆರಳುಗಳು ಹಿಡಿದವು.

ಗುರುಗಳು ತಿರುಚತೊಡಗಿದರು. ಪಂಚೆ ಸುತ್ತಿಕೊಳ್ಳುತ್ತ ಅವಳ ಕಡೆಗೆ ಬಂತು. ನೀರು ಧಾರೆಯಾಗಿ ಅವಳ ಪಾದದ ಮೇಲೆ ಸುರಿಯಿತು. ಪಕ್ಕದಲ್ಲಿದ್ದ ಗಂಟೂ ನೆನೆಯಿತು.

ಗುರುಗಳ ಮುದಿ ಮಣಿಕಟ್ಟು ಎಷ್ಟು ಸಲೀಸಾಗಿ ತಿರುಗುತ್ತಿದೆ ಎಂಬುದನ್ನು ಅವಳು ನೋಡಿದಳು.

"ನಿಮಗೆ ಒಬ್ಬರಿಗೇ ಬರುತ್ತಲ್ಲ ಗುರುಗಳೇ," ಎಂದಳು. "ಪುಟ್ಟತಾಯಕ್ಕ ಹೇಳಿದ್ರು. ಚೆನ್ನಾಗಿ ಹಿಂಡ್ತೀರಂತೆ."

ಗುರುಗಳು ಒಂದು ಸಲ ಸೀನಿದರು. ಆಮೇಲೆ ಇನ್ನೊಂದು ಸುತ್ತು ತಿರುಚಿದರು.

"ಯಾರು ಹೇಳಿದ್ದು? ನನ್ನ ಕೈಲಾಗಲ್ಲ. ಬಿಡಬೇಡ ಕಣಮ್ಮ, ಮಣ್ಣಿಗೆ ಬೀಳುತ್ತೆ."